ಹೆಸರು ಲಂಡನ್, ಇಳಿಯುವುದು ಎಲ್ಲೋ: ಸರಿಯಾದ ಏರ್‌ಪೋರ್ಟಿಗೇ ಟಿಕೆಟ್ ಮಾಡುವುದು ಹೇಗೆ?

"ಲಂಡನ್‌ಗೆ ಟಿಕೆಟ್ ಹುಡುಕಿದರೆ ಐದಾರು ಏರ್‌ಪೋರ್ಟ್ ಬರುತ್ತೆ, ಯಾವುದು ತಗೋಬೇಕು?" "ಗೋವಾದಲ್ಲಿ ಎರಡಿವೆಯಂತೆ, ನಮ್ಮ ಹೋಟೆಲಿಗೆ ಯಾವುದು ಹತ್ತಿರ?" "ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಟಿಕೆಟ್ ನ್ಯೂಯಾರ್ಕಿಗೆ ಮಾಡಿದ್ದೀವಿ, ತೊಂದರೆ ಇಲ್ಲ ತಾನೆ?"

ಓದುಗರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಇಂಥವೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ. ಟಿಕೆಟ್ ಪುಟ ತೆರೆದಿಟ್ಟುಕೊಂಡೇ ಓದಿ. ಹಣ ಕಟ್ಟುವುದು ಆಮೇಲೆ.

ಮೊದಲೇ ಒಂದು ಮಾತು. ಏರ್‌ಪೋರ್ಟಿನ ಹೆಸರನ್ನು ವಿಳಾಸ ಅಂದುಕೊಳ್ಳಬೇಡಿ. ಕೆಲವು ಹೆಸರು ಗೌರವಕ್ಕೆ ಇಟ್ಟವು, ಕೆಲವು ಊರಿನ ಅಭಿಮಾನಕ್ಕೆ, ಇನ್ನು ಕೆಲವು ಶುದ್ಧ ವ್ಯಾಪಾರಕ್ಕೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನಗಳೆಲ್ಲ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದವು. ಆದರೆ 'ಓಲ್ಡ್ ಏರ್‌ಪೋರ್ಟ್ ರೋಡ್' ದೊಮ್ಮಲೂರು, ಮುರುಗೇಶಪಾಳ್ಯದ ಕಡೆಯೇ ಉಳಿಯಿತು. ಈಗಿನ ಏರ್‌ಪೋರ್ಟಿಗೆ ಹೋಗಬೇಕಾದರೆ ಹಿಡಿಯಬೇಕಾದದ್ದು ಬಳ್ಳಾರಿ ರಸ್ತೆ. ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಕೆಂಪೇಗೌಡರ ಹೆಸರು, ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಅವರದೇ ಹೆಸರು, ಸುಮಾರು 35 ಕಿ.ಮೀ. ಆಚೆಯ ವಿಮಾನ ನಿಲ್ದಾಣಕ್ಕೂ ಅವರದೇ. ಮುಂಬೈಯಲ್ಲೂ ಹಾಗೆಯೇ. ಛತ್ರಪತಿ ಶಿವಾಜಿ ಮಹಾರಾಜ್ ಅಂದರೆ ದೊಡ್ಡ ರೈಲು ನಿಲ್ದಾಣವೂ ಹೌದು, ಏರ್‌ಪೋರ್ಟೂ ಹೌದು. ಊರಿನವರಿಗೆ ಗೊಂದಲವಾಗುವುದಿಲ್ಲ, ಹೊಸಬರಿಗೆ ಆಗುತ್ತದೆ. ಲಂಡನ್ನಿನಲ್ಲೋ ಟೋಕಿಯೋದಲ್ಲೋ ಆ ಹೊಸಬರು ನಾವೇ.

ಕೆಲಸ ಶುರು ಮಾಡುವ ಮುಂಚೆ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು:

- ನೀವು ಕೊನೆಗೆ ಮುಟ್ಟಬೇಕಾದ ಮನೆ ಅಥವಾ ಹೋಟೆಲಿನ ಪೂರ್ತಿ ವಿಳಾಸ
- ಫೋನಿನಲ್ಲಿ ಒಂದು ಮ್ಯಾಪ್ ಆ್ಯಪ್
- ವಿದೇಶವಾದರೆ ಪಾಸ್‌ಪೋರ್ಟ್, ಮತ್ತು ಈಗ ಯಾವ ಯಾವ ದೇಶದ ವೀಸಾ ಇದೆ ಎಂಬ ಪಟ್ಟಿ
- ಒಂದು ಹಾಳೆ, ಪೆನ್ನು. ನಗಬೇಡಿ, ಹತ್ತು ಟ್ಯಾಬ್ ತೆರೆದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ವಾಸಿ.

ಹಂತ 1: ಊರಿನ ಹೆಸರಲ್ಲ, ಮನೆ ಬಾಗಿಲು ಬರೆದುಕೊಳ್ಳಿ

ಬಹುಪಾಲು ತಪ್ಪು ಶುರುವಾಗುವುದೇ ಇಲ್ಲಿ. "ನ್ಯೂಯಾರ್ಕಿಗೆ ಹೋಗ್ತಿದ್ದೀವಿ" ಅನ್ನುತ್ತೇವೆ. ವಿಚಾರಿಸಿದರೆ ಮಗಳ ಮನೆ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಎಡಿಸನ್‌ಗೆ ನ್ಯೂವಾರ್ಕ್ ಏರ್‌ಪೋರ್ಟಿನಿಂದ ಮೂವತ್ತು ಚಿಲ್ಲರೆ ಕಿ.ಮೀ. ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಲ್ಲಿ ಇಳಿದರೆ ದೂರ ಹೆಚ್ಚುಕಡಿಮೆ ಎರಡರಷ್ಟು. ಮೇಲೆ ಸೇತುವೆಗಳ ಟೋಲು, ಟ್ರಾಫಿಕ್ಕು. ಅಳಿಯ ಕೆಲಸ ಬಿಟ್ಟು ಕಾರು ತರಬೇಕು ಅಂದಾಗ ಈ ವ್ಯತ್ಯಾಸ ಸಣ್ಣದಲ್ಲ.

ಕ್ಯಾಲಿಫೋರ್ನಿಯಾದಲ್ಲೂ ಇದೇ ಲೆಕ್ಕ. ಸನ್ನಿವೇಲ್, ಸಾಂಟಾ ಕ್ಲಾರಾ ಕಡೆ ಮನೆ ಇದ್ದರೆ ಸ್ಯಾನ್ ಹೋಸೆ ಏರ್‌ಪೋರ್ಟ್ ಪಕ್ಕದಲ್ಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಇನ್ನೂ ಮೂವತ್ತು ನಲವತ್ತು ಕಿ.ಮೀ. ಮೇಲಕ್ಕೆ. ಇಂಗ್ಲೆಂಡಿನಲ್ಲಿ ರೆಡಿಂಗ್ ಅಥವಾ ಸ್ಲೌ ಆದರೆ ಹೀಥ್ರೋ, ಕೇಂಬ್ರಿಡ್ಜ್ ಆದರೆ ಸ್ಟಾನ್‌ಸ್ಟೆಡ್, ಬ್ರೈಟನ್ ಆದರೆ ಗ್ಯಾಟ್‌ವಿಕ್, ಮಿಲ್ಟನ್ ಕೀನ್ಸ್ ಆದರೆ ಲೂಟನ್. ಇವೆಲ್ಲ ಲಂಡನ್ ಹೆಸರಿನಲ್ಲೇ ಬರುವ ಏರ್‌ಪೋರ್ಟ್‌ಗಳು. ನೋಡಿ, ಲಂಡನ್ ನೋಡಲು ಹೊರಟವರಿಗೆ ಮೋಸ ಮಾಡುವ ಹೆಸರೇ ಬೇರೆಯವರಿಗೆ ಅನುಕೂಲ. ಏರ್‌ಪೋರ್ಟ್ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರನ್ನೂ ಕೇಳಬೇಡಿ. ನಿಮ್ಮ ಬಾಗಿಲಿಗೆ ಅದು ಎಷ್ಟು ದೂರ ಅಂತ ಮ್ಯಾಪನ್ನು ಕೇಳಿ.

ಹಂತ 2: ಮೂರಕ್ಷರ ಓದಲು ಕಲಿಯಿರಿ

ಪ್ರತಿ ಏರ್‌ಪೋರ್ಟಿಗೂ ಇಂಗ್ಲಿಷಿನ ಮೂರು ಅಕ್ಷರಗಳ ಒಂದು ಕೋಡ್ ಇರುತ್ತದೆ. ಇದನ್ನು ಐಯಾಟಾ ಕೋಡ್ ಅನ್ನುತ್ತಾರೆ. ಐಯಾಟಾ ಅಂದರೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ. ನಿಮ್ಮ ಟಿಕೆಟ್, ಬೋರ್ಡಿಂಗ್ ಪಾಸ್, ಸೂಟ್‌ಕೇಸಿಗೆ ಅಂಟಿಸುವ ಚೀಟಿ, ಮೂರರಲ್ಲೂ ಇರುವುದು ಇದೇ. ಬೆಂಗಳೂರು ಬಿಎಲ್‌ಆರ್. ಹೆಸರು ಬದಲಾದರೂ ಕೋಡ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು, ಆಮೇಲೆ ಕೆಂಪೇಗೌಡರ ಹೆಸರು ಬಂತು, ಬಿಎಲ್‌ಆರ್ ಮಾತ್ರ ಹಾಗೆಯೇ ಇದೆ.

ಕೋಡ್ ನೋಡಿ ಊರು ಊಹಿಸಲು ಮಾತ್ರ ಹೋಗಬೇಡಿ. ಮಂಗಳೂರು ಐಎಕ್ಸ್‌ಇ, ಬೆಳಗಾವಿ ಐಎಕ್ಸ್‌ಜಿ, ಬೀದರ್ ಐಎಕ್ಸ್‌ಎಕ್ಸ್. ಒಂದಕ್ಷರ ತಪ್ಪಿದರೆ ಕರಾವಳಿಯಿಂದ ಗಡಿನಾಡಿಗೆ ಹೋದಿರಿ. ಹುಬ್ಬಳ್ಳಿ ಎಚ್‌ಬಿಎಕ್ಸ್, ಮೈಸೂರು ಎಂವೈಕ್ಯೂ, ಕಲಬುರಗಿ ಜಿಬಿಐ. ಶಿವಮೊಗ್ಗ ಆರ್‌ಕ್ಯೂವೈ. ಅದನ್ನು ನೋಡಿ ಕುವೆಂಪು ಹೆಸರಿನ ಏರ್‌ಪೋರ್ಟ್ ಅಂತ ಹೇಳಬಲ್ಲವರು ಯಾರಾದರೂ ಇದ್ದರೆ ನಮಸ್ಕಾರ. ಶಿಕಾಗೋದ ಓಹೇರ್ ಒಆರ್‌ಡಿ ಆದದ್ದು ಅಲ್ಲಿ ಹಿಂದೆ ಇದ್ದ ಆರ್ಚರ್ಡ್ ಫೀಲ್ಡ್ ಎಂಬ ಹೆಸರಿನಿಂದ. ಹಾಗಾಗಿ ಊಹೆ ಬೇಡ. ಕೋಡನ್ನು ಮ್ಯಾಪಿಗೆ ಹಾಕಿ, ಎಲ್ಲಿ ಚುಕ್ಕೆ ಬೀಳುತ್ತದೋ ನೋಡಿ.

ಒಂದು ಅಪವಾದ ನೆನಪಿಡಿ. ಇಸ್ತಾಂಬುಲ್‌ನಲ್ಲಿ 2019ರ ಏಪ್ರಿಲ್‌ನಲ್ಲಿ ಹೊಸ ಏರ್‌ಪೋರ್ಟಿಗೆ ವಿಮಾನಗಳು ಹೋದಾಗ ಐಎಸ್‌ಟಿ ಎಂಬ ಹಳೇ ಕೋಡೂ ಜೊತೆಗೇ ಹೋಯಿತು. ಅದಕ್ಕೂ ಹಿಂದಿನ ಪ್ರವಾಸ ಬರಹಗಳನ್ನು ಓದಿ "ಐಎಸ್‌ಟಿಯಿಂದ ಊರಿಗೆ ಹತ್ತಿರ" ಅಂತ ನಂಬಿದರೆ ಕೆಟ್ಟಿರಿ.

ನಾಲ್ಕಕ್ಷರದ ಇನ್ನೊಂದು ಬಗೆಯ ಕೋಡೂ ಇದೆ. ಅದು ಪೈಲಟ್‌ಗಳಿಗೆ. ನಮಗೆ ಬೇಡ.

ಹಂತ 3: ದೇಶದೊಳಗಿನ ಪ್ರಯಾಣ. ಸುಲಭ ಅಂದುಕೊಂಡು ಎಡವುವುದು ಇಲ್ಲೇ

ಗೋವಾದಿಂದ ಶುರು ಮಾಡೋಣ, ಪ್ರಶ್ನೆ ಜಾಸ್ತಿ ಬರುವುದು ಅಲ್ಲಿಂದಲೇ. ಹಳೆಯದು ದಾಬೋಲಿಂ, ಕೋಡ್ ಜಿಒಐ. ವಾಸ್ಕೋ ಪಕ್ಕ, ನೌಕಾಪಡೆಯ ನೆಲೆಯಲ್ಲಿದೆ. ಹೊಸದು ಮೋಪಾ, ಕೋಡ್ ಜಿಒಎಕ್ಸ್. ಉತ್ತರ ತುದಿಯ ಪೆರ್ನೆಂ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ತಾಗಿದಂತಿದೆ. 2023ರ ಜನವರಿಯಲ್ಲಿ ವಿಮಾನ ಶುರುವಾಯಿತು. ಅದರ ಅಧಿಕೃತ ಹೆಸರು ಮನೋಹರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಬೋರ್ಡಿನಲ್ಲಿ 'ಮೋಪಾ' ಹುಡುಕಿದರೆ ಸಿಗುವುದು ಕಷ್ಟ.

ಅರಂಬೋಲ್, ಮಾಂಡ್ರೆ, ಮೊರ್ಜಿಂ ಆದರೆ ಕಣ್ಣು ಮುಚ್ಚಿಕೊಂಡು ಮೋಪಾ. ಮಡಗಾಂವ್, ಕೋಲ್ವಾ, ಬೆನಾಲಿಂ, ಪಾಲೋಲೆಂ ಆದರೆ ದಾಬೋಲಿಂ. ಗೋವಾದಲ್ಲಿ ಇಳಿದು ಕಾರವಾರಕ್ಕೆ ಬರುವವರಿಗೂ ದಾಬೋಲಿಂ. ಪಣಜಿ, ಕಲಂಗುಟ್ ಆದರೆ ಎರಡೂ ಹೆಚ್ಚುಕಡಿಮೆ ಒಂದೇ ದೂರ, ದರ ನೋಡಿ ತೀರ್ಮಾನಿಸಿ. ಮೋಪಾದಿಂದ ಪಾಲೋಲೆಂಗೆ ಸುಮಾರು 100 ಕಿ.ಮೀ. ಅಂದರೆ ಇಡೀ ಗೋವಾ ಉದ್ದಕ್ಕೂ ಟ್ಯಾಕ್ಸಿ. ನಾನೇ ಒಮ್ಮೆ ಈ ದಂಡ ಕಟ್ಟಿದ್ದೇನೆ. ವಿಮಾನದಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಯಿತು.

ಎಚ್ಚರಿಕೆ: ಹೋಗುವ ಕೋಡ್ ಒಂದು, ಬರುವ ಕೋಡ್ ಇನ್ನೊಂದು ಆಗಿರಬಹುದು. ಎರಡೂ 'ಗೋವಾ' ಅಂತಲೇ ತೋರಿಸುವುದರಿಂದ ಗಮನಕ್ಕೆ ಬರುವುದಿಲ್ಲ. ದಾಬೋಲಿಂನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಮೋಪಾದಿಂದ ಹೊರಟರೆ ಕಾರು ಯಾರು ಒಪ್ಪಿಸುತ್ತಾರೆ?

ಮುಂಬೈಗೆ ಈಗ ಎರಡು. ಹಳೆಯದು ಬಿಒಎಂ. ಪನ್ವೇಲ್ ಕಡೆಯ ಹೊಸ ನವಿ ಮುಂಬೈ ಏರ್‌ಪೋರ್ಟ್ ಎನ್‌ಎಂಐ. ಅಲ್ಲಿ 2025ರ ಡಿಸೆಂಬರ್ 25ರಿಂದ ಪ್ರಯಾಣಿಕರ ವಿಮಾನ ಶುರುವಾಯಿತು. ವಾಶಿ, ಪನ್ವೇಲ್, ಖಾರ್‌ಘರ್‌ನಲ್ಲಿ ನೆಂಟರಿದ್ದರೆ ಹೊಸದು ವರ. ಅಂಧೇರಿ, ಬೊರಿವಿಲಿ ಆದರೆ ಹಳೆಯದೇ ಸರಿ. ಒಂದರಲ್ಲಿ ಇಳಿದು ಇನ್ನೊಂದರಿಂದ ವಿದೇಶದ ವಿಮಾನ ಹಿಡಿಯುವ ಯೋಜನೆ ಇದ್ದರೆ ಈಗಲೇ ಬಿಟ್ಟುಬಿಡಿ. ಮುಂಬೈ ಟ್ರಾಫಿಕ್ಕಿನ ಮೇಲೆ ಬಾಜಿ ಕಟ್ಟುವ ಧೈರ್ಯ ನನಗಿಲ್ಲ.

ದೆಹಲಿ ಹುಡುಕಿದಾಗ ಡಿಇಎಲ್ ಜೊತೆ ಎಚ್‌ಡಿಒ ಕೂಡ ಬರಬಹುದು. ಎಚ್‌ಡಿಒ ಅಂದರೆ ಹಿಂಡನ್. ಅದು ಉತ್ತರ ಪ್ರದೇಶದ ಗಾಜಿಯಾಬಾದಿನ ವಾಯುಪಡೆ ನೆಲೆ. ಪೂರ್ವ ದೆಹಲಿ, ಗಾಜಿಯಾಬಾದ್ ಕಡೆಯವರಿಗೆ ಚೆನ್ನಾಗಿದೆ. ಗುರುಗ್ರಾಮದ ಆಫೀಸಿಗೆ ಹೋಗುವವರಿಗೆ ಇಡೀ ದೆಹಲಿ ದಾಟುವ ಶಿಕ್ಷೆ.

ಇನ್ನು ಪ್ರವಾಸಿ ಊರುಗಳು. 'ಕುಲ್ಲು ಮನಾಲಿ' ಏರ್‌ಪೋರ್ಟ್ ಇರುವುದು ಭುಂತರ್‌ನಲ್ಲಿ, ಮನಾಲಿಗೆ ಅಲ್ಲಿಂದ ಇನ್ನೂ ಸುಮಾರು 50 ಕಿ.ಮೀ. ಬೆಟ್ಟದ ದಾರಿ. ಡಾರ್ಜಿಲಿಂಗ್‌ಗೆ ಏರ್‌ಪೋರ್ಟೇ ಇಲ್ಲ, ಸಿಲಿಗುರಿ ಪಕ್ಕದ ಬಾಗ್‌ಡೋಗ್ರಾದಲ್ಲಿ ಇಳಿದು ಮೂರು ಗಂಟೆ ಹತ್ತಬೇಕು. ಡೆಹ್ರಾಡೂನ್ ಏರ್‌ಪೋರ್ಟಿನ ಜಾಗ ಜಾಲಿ ಗ್ರಾಂಟ್, ಡೆಹ್ರಾಡೂನ್ ಊರಿಗಿಂತ ಋಷಿಕೇಶವೇ ಅದಕ್ಕೆ ಹತ್ತಿರ. ತಿರುಪತಿ ಅಂದರೆ ರೇಣಿಗುಂಟ. ಕಲ್ಲಿಕೋಟೆ ಅಂದರೆ ಮಲಪ್ಪುರಂ ಜಿಲ್ಲೆಯ ಕರಿಪ್ಪೂರು.

ಹೆಸರು ಕೇಳಿ ಬಿಟ್ಟುಬಿಡುವ ಏರ್‌ಪೋರ್ಟ್‌ಗಳೂ ಇವೆ. ಟಿಕೆಟ್ ಆ್ಯಪಿನಲ್ಲಿ 'ವಿದ್ಯಾನಗರ' ಅಂತ ಬರುತ್ತದೆ, ಕೋಡ್ ವಿಡಿವೈ. ಹುಬ್ಬಳ್ಳಿಯಲ್ಲಿ ಒಂದು ವಿದ್ಯಾನಗರ ಇದೆ, ಬೆಂಗಳೂರಿನ ಏರ್‌ಪೋರ್ಟ್ ದಾರಿಯಲ್ಲೇ ವಿದ್ಯಾನಗರ ಕ್ರಾಸ್ ಇದೆ. ಇದು ಎರಡೂ ಅಲ್ಲ. ತೋರಣಗಲ್ಲಿನ ಜಿಂದಾಲ್ ಏರ್‌ಪೋರ್ಟ್. ಹೊಸಪೇಟೆಗೆ ಸುಮಾರು 30 ಕಿ.ಮೀ. ಹಂಪಿಗೆ ಹೋಗುವವರಿಗೆ ಇದರಷ್ಟು ಹತ್ತಿರ ಬೇರೆ ಇಲ್ಲ, ಆದರೆ ಹೆಸರಿನಲ್ಲಿ ಹಂಪಿಯೂ ಇಲ್ಲ, ಹೊಸಪೇಟೆಯೂ ಇಲ್ಲ. ಹಾಗೆಯೇ ದುಬೈ, ಮಸ್ಕತ್‌ನಿಂದ ಬರುವ ವಿರಾಜಪೇಟೆ ಕಡೆಯವರು ಕಣ್ಣೂರನ್ನೂ ನೋಡಬಹುದು. 2018ರ ಡಿಸೆಂಬರ್‌ನಲ್ಲಿ ಶುರುವಾದ ಆ ಏರ್‌ಪೋರ್ಟ್ ಇರುವುದು ಮಟ್ಟನ್ನೂರಿನಲ್ಲಿ. ಅಲ್ಲಿಂದ ಮಾಕುಟ್ಟ ಘಾಟಿ ಹತ್ತಿದರೆ ಕೊಡಗು. ಮಳೆಗಾಲದಲ್ಲಿ ಘಾಟಿಯ ಸ್ಥಿತಿ ಕೇಳಿಕೊಂಡು ಹೊರಡಿ.

ಹಂತ 4: 'ಎಲ್ಲಾ ಏರ್‌ಪೋರ್ಟ್' ಎಂಬ ಸಾಲನ್ನು ಬಿಡಿಸಿ ನೋಡಿ

ಹುಡುಕುವ ಜಾಗದಲ್ಲಿ ಲಂಡನ್ ಅಂತ ಒತ್ತಿದರೆ ಮೊದಲು ಬರುವುದು 'ಲಂಡನ್, ಎಲ್ಲಾ ಏರ್‌ಪೋರ್ಟ್', ಪಕ್ಕದಲ್ಲಿ ಎಲ್‌ಒಎನ್. ಇದು ಏರ್‌ಪೋರ್ಟಿನ ಕೋಡ್ ಅಲ್ಲ, ನಗರದ ಕೋಡ್. ಒಂದು ಊರಿನ ಹಲವು ಏರ್‌ಪೋರ್ಟ್‌ಗಳನ್ನು ಒಟ್ಟಿಗೆ ಹುಡುಕಲು ಮಾಡಿಟ್ಟದ್ದು. ನ್ಯೂಯಾರ್ಕಿಗೆ ಎನ್‌ವೈಸಿ, ಟೋಕಿಯೋಗೆ ಟಿವೈಒ, ಪ್ಯಾರಿಸ್‌ಗೆ ಪಿಎಆರ್. ಹುಡುಕಲು ಇದು ಒಳ್ಳೆಯದು. ಆದರೆ ಎಲ್‌ಒಎನ್ ಎಂಬಲ್ಲಿ ಯಾವ ವಿಮಾನವೂ ಇಳಿಯುವುದಿಲ್ಲ. ಹಣ ಕಟ್ಟುವ ಮುಂಚಿನ ಪುಟದಲ್ಲಿ ನಿಜವಾದ ಕೋಡ್ ಕಾಣಲೇಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ.

ಲಂಡನ್: ಹೀಥ್ರೋ, ಎಲ್‌ಎಚ್‌ಆರ್, ಊರಿನ ಪಶ್ಚಿಮಕ್ಕೆ 25 ಕಿ.ಮೀ. ಒಳಗೆ, ಮೆಟ್ರೋ ಬಾಗಿಲಿಗೇ ಬರುತ್ತದೆ. ಗ್ಯಾಟ್‌ವಿಕ್, ಎಲ್‌ಜಿಡಬ್ಲ್ಯೂ, ದಕ್ಷಿಣಕ್ಕೆ ಸುಮಾರು 45 ಕಿ.ಮೀ. ಲೂಟನ್, ಎಲ್‌ಟಿಎನ್, ಉತ್ತರಕ್ಕೆ ಸುಮಾರು 50. ಸ್ಟಾನ್‌ಸ್ಟೆಡ್, ಎಸ್‌ಟಿಎನ್, ಈಶಾನ್ಯಕ್ಕೆ 60ರ ಆಸುಪಾಸು. ಸೌತೆಂಡ್ ಪೂರ್ವಕ್ಕೆ ಇನ್ನೂ ದೂರ, ಸಮುದ್ರದ ದಡಕ್ಕೇ ಹೋದಂತೆ. ನಿಜವಾಗಿ ಊರೊಳಗೆ ಇರುವುದು ಪುಟ್ಟ ಲಂಡನ್ ಸಿಟಿ, ಎಲ್‌ಸಿವೈ. ತಮಾಷೆ ಅಂದರೆ ಆಕ್ಸ್‌ಫರ್ಡಿನ ಸಣ್ಣ ಏರ್‌ಪೋರ್ಟ್ ಕೂಡ ತನ್ನನ್ನು 'ಲಂಡನ್ ಆಕ್ಸ್‌ಫರ್ಡ್' ಅಂತ ಕರೆದುಕೊಳ್ಳುತ್ತದೆ. ತುಮಕೂರಿನಲ್ಲಿ ಏರ್‌ಪೋರ್ಟ್ ಮಾಡಿ ಬೆಂಗಳೂರು ತುಮಕೂರು ಅಂದ ಹಾಗೆ.

ನ್ಯೂಯಾರ್ಕ್: ಹುಡುಕಿದರೆ ಜೆಎಫ್‌ಕೆ, ಲಾಗಾರ್ಡಿಯಾ, ನ್ಯೂವಾರ್ಕ್ ಮೂರೂ ಒಟ್ಟಿಗೆ ಬರಬಹುದು. ನ್ಯೂವಾರ್ಕ್, ಅಂದರೆ ಇಡಬ್ಲ್ಯೂಆರ್, ಇರುವುದು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಹಾಗಂತ ಹೆದರಬೇಡಿ, ಮ್ಯಾನ್‌ಹ್ಯಾಟನ್‌ಗೆ ಅಲ್ಲಿಂದ ರೈಲಿದೆ. ಆದರೆ ಆ ರೈಲಿನಲ್ಲಿ ಇನ್ನೊಂದು ಹೆಸರಿನ ಬಲೆ ಇದೆ. ಮೊದಲು 'ನ್ಯೂವಾರ್ಕ್ ಪೆನ್ ಸ್ಟೇಷನ್' ಬರುತ್ತದೆ, ಆಮೇಲೆ 'ನ್ಯೂಯಾರ್ಕ್ ಪೆನ್ ಸ್ಟೇಷನ್'. ಘೋಷಣೆ ಅರ್ಧ ಕೇಳಿಸಿಕೊಂಡು ಸೂಟ್‌ಕೇಸ್ ಸಮೇತ ಮೊದಲನೆಯದರಲ್ಲೇ ಇಳಿಯುವವರು ಬಹಳ. ಇನ್ನು ಎಸ್‌ಡಬ್ಲ್ಯೂಎಫ್ ಅಂತ ಕಂಡರೆ ಅದು 'ನ್ಯೂಯಾರ್ಕ್ ಸ್ಟೂವರ್ಟ್', ಊರಿಗಿಂತ ನೂರು ಕಿ.ಮೀ. ಹತ್ತಿರ ಹತ್ತಿರ ಉತ್ತರಕ್ಕೆ.

ಟೋಕಿಯೋ: ನರೀಟಾ, ಎನ್‌ಆರ್‌ಟಿ, 60 ಕಿ.ಮೀ. ಆಚೆ ಚಿಬಾ ಪ್ರಾಂತ್ಯದಲ್ಲಿದೆ. ಹನೇಡಾ, ಎಚ್‌ಎನ್‌ಡಿ, ಊರಿನ ಅಂಚಿನಲ್ಲೇ ಇದೆ. ರಾತ್ರಿ ತಡವಾಗಿ ಇಳಿಯುವುದಾದರೆ ಹನೇಡಾಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಒಸಾಕಾದ್ದು ಇನ್ನೂ ಮಜಾ. 'ಒಸಾಕಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ' ಅಂತ ಅಧಿಕೃತ ಹೆಸರಿರುವುದು ಇತಾಮಿಗೆ, ಕೋಡ್ ಐಟಿಎಂ. ಅಲ್ಲಿಂದ ಒಂದೂ ಅಂತರರಾಷ್ಟ್ರೀಯ ವಿಮಾನ ಹಾರುವುದಿಲ್ಲ. 1994ರಲ್ಲಿ ಸಮುದ್ರದಲ್ಲಿ ಮಣ್ಣು ತುಂಬಿ ಕಟ್ಟಿದ ದ್ವೀಪದ ಮೇಲೆ ಕನ್ಸಾಯ್ ಏರ್‌ಪೋರ್ಟ್ ಶುರುವಾಯಿತು, ವಿದೇಶದ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಹಳೆಯದಕ್ಕೆ ಹೆಸರು ಮಾತ್ರ ಉಳಿಯಿತು. ನಮ್ಮ ಓಲ್ಡ್ ಏರ್‌ಪೋರ್ಟ್ ರೋಡ್ ತರಹವೇ. ಭಾರತದಿಂದ ಹೋಗುವವರು ನೋಡಬೇಕಾದದ್ದು ಕೆಐಎಕ್ಸ್.

ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಬಿಕೆಕೆ, ಡಾನ್ ಮುವಾಂಗ್ ಡಿಎಂಕೆ. ಅಗ್ಗದ ವಿಮಾನಗಳು ಹೆಚ್ಚಾಗಿ ಡಿಎಂಕೆಗೆ. ಇಸ್ತಾಂಬುಲ್‌ನಲ್ಲಿ ಐಎಸ್‌ಟಿ ಯುರೋಪಿನ ದಡದಲ್ಲಿ, ಸಬಿಹಾ ಗೊಕ್ಚೆನ್, ಅಂದರೆ ಎಸ್‌ಎಡಬ್ಲ್ಯೂ, ಏಷ್ಯಾದ ದಡದಲ್ಲಿ. ದುಬೈಯಲ್ಲಿ ಡಿಎಕ್ಸ್‌ಬಿ ಊರೊಳಗಿನದು, ಡಿಡಬ್ಲ್ಯೂಸಿ ಮರುಭೂಮಿ ಕಡೆಯದು. ಶಾರ್ಜಾ ಬೇರೆಯೇ ಎಮಿರೇಟ್. ದುಬೈಗೆ ಹತ್ತಿರ ನಿಜ, ಆದರೆ ಸಂಜೆಯ ಟ್ರಾಫಿಕ್ ಲೆಕ್ಕ ಹಾಕಿಕೊಳ್ಳಿ. ಮಿಲಾನ್‌ನಲ್ಲಿ ಲಿನಾಟೆ ಹತ್ತಿರ. ಮಾಲ್ಪೆನ್ಸಾ, ಬರ್ಗಮೋ ಎರಡೂ ಐವತ್ತರ ಆಸುಪಾಸು.

ಹಂತ 5: ಸಾಲ ತಂದ ಹೆಸರನ್ನು ಗುರುತಿಸಿ, ಬಾಗಿಲಿನ ತನಕದ ಲೆಕ್ಕ ಹಾಕಿ

ಯುರೋಪ್ ಸುತ್ತುವವರು ಇದನ್ನು ಎರಡು ಸಲ ಓದಿ. ಅಲ್ಲಿನ ಅಗ್ಗದ ವಿಮಾನ ಸಂಸ್ಥೆಗಳು ದೊಡ್ಡ ಏರ್‌ಪೋರ್ಟಿನ ಶುಲ್ಕ ಕೊಡಲು ಇಷ್ಟಪಡುವುದಿಲ್ಲ. ದೂರದ ಸಣ್ಣ ಊರಿನ ರನ್‌ವೇ ಹುಡುಕುತ್ತವೆ. ಎಷ್ಟೋ ಸಲ ಅದು ಹಳೇ ಸೇನಾ ನೆಲೆ. ಆದರೆ ಆ ಸಣ್ಣ ಊರಿನ ಹೆಸರು ಹೇಳಿದರೆ ಟಿಕೆಟ್ ಯಾರು ತಗೋತಾರೆ? ಹಾಗಾಗಿ ಪಕ್ಕದ ದೊಡ್ಡ ಊರಿನ ಹೆಸರು ಸಾಲ.

'ಪ್ಯಾರಿಸ್ ಬೋವೆ', ಬಿವಿಎ, ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. 'ಪ್ಯಾರಿಸ್ ವಾತ್ರಿ' ಇನ್ನೂ ದೂರ, 150 ಕಿ.ಮೀ. ಗಿಂತ ಆಚೆ. 'ಫ್ರಾಂಕ್‌ಫರ್ಟ್ ಹಾನ್', ಎಚ್‌ಎಚ್‌ಎನ್, ಫ್ರಾಂಕ್‌ಫರ್ಟಿನಿಂದ 120 ಕಿ.ಮೀ. ಆಸುಪಾಸು. ಅದು ಅಮೆರಿಕದ ವಾಯುಪಡೆಯ ಹಳೇ ನೆಲೆ. ಮ್ಯೂನಿಕ್ ಪಶ್ಚಿಮ ಅಂತ ಮಾರುತ್ತಿದ್ದ ಮೆಮ್ಮಿಂಗೆನ್ ಮ್ಯೂನಿಕ್‌ಗೆ 110 ಕಿ.ಮೀ. ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ನೂರು, ಓಸ್ಲೋ ಟಾರ್ಪ್ ನೂರಕ್ಕೂ ಜಾಸ್ತಿ, ಬಾರ್ಸಿಲೋನಾ ಹೆಸರಲ್ಲಿ ಸಿಗುವ ಜಿರೋನಾ ತೊಂಬತ್ತು. 'ಬ್ರಸೆಲ್ಸ್ ಸೌತ್' ಅಂದರೆ ಶಾರ್ಲರ್ವಾ, ಅದೇ ಬೇರೆ ನಗರ.

ಗುರುತು ಹಿಡಿಯುವ ಉಪಾಯ ಸರಳ. ದೊಡ್ಡ ಊರಿನ ಹೆಸರಿನ ಪಕ್ಕ ನೀವು ಕೇಳಿರದ ಇನ್ನೊಂದು ಹೆಸರು ಅಂಟಿಕೊಂಡಿದ್ದರೆ, ಆ ಎರಡನೆಯದೇ ನಿಜವಾದ ಊರು. ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ತರಹ ವ್ಯಕ್ತಿಯ ಹೆಸರಾದರೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಮ್ಯಾಪೇ ಗತಿ.

ಹೆಸರಿಗಾಗಿ ಜಗಳವೂ ಆಗಿದೆ. ಅಮೆರಿಕದ ಓಕ್ಲೆಂಡ್ ಏರ್‌ಪೋರ್ಟಿನವರು 2024ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ಬೇ ಓಕ್ಲೆಂಡ್' ಅಂತ ಹೆಸರಿಟ್ಟುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋ ನಗರ ಕೋರ್ಟಿಗೆ ಹೋಯಿತು, ಅದೇ ವರ್ಷದ ಕೊನೆಗೆ ತಡೆಯೂ ಸಿಕ್ಕಿತು. ನನ್ನ ಮಟ್ಟಿಗೆ ಹೇಳುವುದಾದರೆ ಓಕ್ಲೆಂಡ್ ಕೆಟ್ಟ ಆಯ್ಕೆಯೇನಲ್ಲ, ರೈಲು ಸಂಪರ್ಕ ಇದೆ. ಬೋವೆ, ಹಾನ್ ಜೊತೆ ಅದನ್ನು ಸೇರಿಸುವುದು ಅನ್ಯಾಯ.

ಈಗ ಹಾಳೆ ತೆಗೆದುಕೊಳ್ಳಿ. ಪ್ರತಿ ಟಿಕೆಟಿನ ಮುಂದೆ ಹೀಗೆ ಬರೆಯಿರಿ: ಟಿಕೆಟ್ ದರ, ಲಗೇಜಿನ ಹೆಚ್ಚುವರಿ ದರ, ಏರ್‌ಪೋರ್ಟಿನಿಂದ ಬಾಗಿಲಿಗೆ ಬಸ್ಸೋ ರೈಲೋ ಟ್ಯಾಕ್ಸಿಯೋ ಅದರ ಖರ್ಚು, ತಲೆ ಲೆಕ್ಕದಲ್ಲಿ. ಕೊನೆಗೆ ಆ ಹೊತ್ತಿನಲ್ಲಿ ಆ ಬಸ್ಸು ಇದೆಯಾ ಎಂಬುದು. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ಇಂಥ ದೂರದ ಏರ್‌ಪೋರ್ಟ್‌ಗಳಲ್ಲಿ ಬಸ್ಸು ವಿಮಾನದ ಸಮಯಕ್ಕೆ ಕಟ್ಟಿಹಾಕಿದಂತೆ ಓಡುತ್ತದೆ. ವಿಮಾನ ರಾತ್ರಿ ತಡವಾದರೆ ಉಳಿಯುವುದು ಟ್ಯಾಕ್ಸಿ ಮಾತ್ರ. ಬೆಳಗಿನ 6 ಗಂಟೆ ವಿಮಾನಕ್ಕೆ ಹೊರಡಬೇಕಾದರೆ ರಾತ್ರಿ ಅಲ್ಲೇ ಕೋಣೆ ಮಾಡಬೇಕಾಗಬಹುದು, ಅದನ್ನೂ ಸೇರಿಸಿ. ಒಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವವರಿಗೆ ಈ ಟಿಕೆಟ್ ಲಾಭವೇ. ಅಪ್ಪ ಅಮ್ಮ, ಇಬ್ಬರು ಮಕ್ಕಳು, ನಾಲ್ಕು ಸೂಟ್‌ಕೇಸ್ ಇದ್ದರೆ ಅಪರೂಪಕ್ಕೂ ಲಾಭ ಬರುವುದಿಲ್ಲ.

ಹಂತ 6: ಊರು ಅದೇ, ದೇಶ ಬೇರೆ ಆಗಿಲ್ಲ ತಾನೆ?

ಸಿಡ್ನಿ ಅಂದರೆ ಆಸ್ಟ್ರೇಲಿಯಾ, ಎಸ್‌ವೈಡಿ. ಕೆನಡಾದ ನೋವಾ ಸ್ಕೋಷಿಯಾದಲ್ಲೂ ಒಂದು ಸಿಡ್ನಿ ಇದೆ, ವೈಕ್ಯೂವೈ. ಬೀಚ್ ನೋಡಲು ಹೊರಟು ಅಲ್ಲಿನ ಚಳಿಯಲ್ಲಿ ಇಳಿದವರ ಸುದ್ದಿ ಪತ್ರಿಕೆಗಳಲ್ಲಿ ಒಂದಲ್ಲ, ಹಲವು ಸಲ ಬಂದಿದೆ. ಕೆನಡಾದ ಕೋಡ್‌ಗಳು ಬಹುಪಾಲು 'ವೈ' ಅಕ್ಷರದಿಂದ ಶುರುವಾಗುತ್ತವೆ, ಇದೊಂದು ಒಳ್ಳೆಯ ಸುಳಿವು. ಕೆನಡಾದ ಲಂಡನ್ ಕೂಡ ವೈಎಕ್ಸ್‌ಯು.

ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲಿ ಬಿಎಚ್‌ಎಕ್ಸ್, ಅಮೆರಿಕದ ಅಲಬಾಮಾದಲ್ಲಿ ಬಿಎಚ್‌ಎಂ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಜೆಸಿ, ಕೋಸ್ಟರಿಕಾ ದೇಶದಲ್ಲಿ ಎಸ್‌ಜೆಒ. ಹೈದರಾಬಾದ್ ನಮ್ಮದು ಎಚ್‌ವೈಡಿ, ಪಾಕಿಸ್ತಾನದ್ದು ಎಚ್‌ಡಿಡಿ. ಮೆಲ್ಬರ್ನ್ ಹುಡುಕಿದಾಗ 'ಮೆಲ್ಬರ್ನ್ ಒರ್ಲಾಂಡೊ ಅಂತರರಾಷ್ಟ್ರೀಯ' ಬಂದರೆ ಗಾಬರಿಯಾಗಬೇಡಿ. ಅದು ಫ್ಲೋರಿಡಾದ ಮೆಲ್ಬರ್ನ್ ಎಂಬ ಊರು, ಒರ್ಲಾಂಡೊಗೂ ಹತ್ತಿರವಿಲ್ಲ. ಒಂದೇ ಹೆಸರಲ್ಲಿ ಎರಡು ಊರಿನವರಿಗೆ ಟೋಪಿ.

ಕನ್ನಡದಲ್ಲಿ ಮಾತಾಡಿಕೊಂಡು ಟಿಕೆಟ್ ಮಾಡಿಸುವವರಿಗೆ ಇನ್ನೊಂದು ಕಷ್ಟ. ಅಮೆರಿಕದ ಓಕ್ಲೆಂಡ್, ನ್ಯೂಜಿಲೆಂಡಿನ ಆಕ್ಲೆಂಡ್. ಫೋನಿನಲ್ಲಿ ಏಜೆಂಟಿಗೆ ಹೇಳಿದರೆ ಯಾವುದು ಕೇಳಿಸುತ್ತದೋ! ಇಂಗ್ಲಿಷಿನವರಿಗೂ ಇದೇ ಪಾಡು. 1985ರಲ್ಲಿ ಓಕ್ಲೆಂಡ್‌ಗೆ ಹೋಗಬೇಕಿದ್ದ ಕ್ಯಾಲಿಫೋರ್ನಿಯಾದ ಹುಡುಗನೊಬ್ಬ ಲಾಸ್ ಏಂಜಲೀಸ್‌ನಲ್ಲಿ ಘೋಷಣೆ ತಪ್ಪಾಗಿ ಕೇಳಿಸಿಕೊಂಡು ಸೀದಾ ನ್ಯೂಜಿಲೆಂಡ್ ಮುಟ್ಟಿದ್ದ. ಏಜೆಂಟಿಗೆ ಊರು ಹೇಳಬೇಡಿ, ಒಎಕೆ ಅಥವಾ ಎಕೆಎಲ್ ಅಂತ ಕೋಡ್ ಹೇಳಿ. ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಹಂತ 7: ಮಧ್ಯದಲ್ಲಿ ವಿಮಾನ ಬದಲಿಸುವುದಾದರೆ ಕೋಡ್ ಹೊಂದುತ್ತದೆಯೇ?

ಮೊದಲ ವಿಮಾನ ಇಳಿಯುವ ಕೋಡ್, ಎರಡನೆಯದು ಹಾರುವ ಕೋಡ್, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಒಂದೇ ಆಗಿರಬೇಕು. ಎಲ್‌ಎಚ್‌ಆರ್‌ನಲ್ಲಿ ಇಳಿದು ಎಲ್‌ಜಿಡಬ್ಲ್ಯೂನಿಂದ ಹಾರುವುದು ಅಂತಿದ್ದರೆ ಅದು ವಿಮಾನ ಬದಲಿಸುವುದಲ್ಲ, ಊರು ಬದಲಿಸುವುದು. ಕೆಲವು ಟಿಕೆಟ್ ತಾಣಗಳು 'ಏರ್‌ಪೋರ್ಟ್ ಬದಲಾವಣೆ' ಅಂತ ಸಣ್ಣ ಅಕ್ಷರದಲ್ಲಿ ಹಾಕುತ್ತವೆ. ನರೀಟಾದಿಂದ ಹನೇಡಾ, ಬಿಕೆಕೆಯಿಂದ ಡಿಎಂಕೆ, ಐಎಸ್‌ಟಿಯಿಂದ ಎಸ್‌ಎಡಬ್ಲ್ಯೂ, ಜೆಎಫ್‌ಕೆಯಿಂದ ನ್ಯೂವಾರ್ಕ್, ಎಲ್ಲವೂ ಇದೇ ಜಾತಿ. ರಸ್ತೆಯಲ್ಲೇ ಒಂದರಿಂದ ಎರಡು ಗಂಟೆ ಹೋಗುತ್ತದೆ.

ಸಮಯಕ್ಕಿಂತ ದೊಡ್ಡ ತೊಂದರೆ ವೀಸಾ. ಒಂದು ಏರ್‌ಪೋರ್ಟಿನಿಂದ ಹೊರಬಂದು ಇನ್ನೊಂದಕ್ಕೆ ಹೋಗುವುದೆಂದರೆ ಆ ದೇಶದೊಳಗೆ ಕಾಲಿಟ್ಟಂತೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್, ಷೆಂಗೆನ್ ದೇಶಗಳು, ಜಪಾನ್, ಟರ್ಕಿ ಎಲ್ಲ ಕಡೆಯೂ ಇದಕ್ಕೆ ಮೊದಲೇ ಅನುಮತಿ ಬೇಕಾಗಬಹುದು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು. ಅಮೆರಿಕದಲ್ಲಂತೂ ಅದೇ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಿದರೂ ವೀಸಾ ಬೇಕೇ ಬೇಕು, ಸಾಮಾನ್ಯವಾಗಿ ಮೊದಲು ಇಳಿದ ಜಾಗದಲ್ಲೇ ಲಗೇಜ್ ಎತ್ತಿ ಮತ್ತೆ ಒಪ್ಪಿಸಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಆಯಾ ದೇಶದ ಸರ್ಕಾರಿ ತಾಣದಲ್ಲೇ ನೋಡಿ, ನೆಂಟರ ವಾಟ್ಸಾಪ್ ಸಲಹೆ ನಂಬಬೇಡಿ.

'ಸೆಲ್ಫ್ ಟ್ರಾನ್ಸ್‌ಫರ್' ಎಂಬ ಪದ ಕಂಡರೆ ಇನ್ನೂ ಜಾಗ್ರತೆ. ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಸುಮ್ನೆ ಪಕ್ಕ ಇಟ್ಟು ಮಾರುತ್ತಿದ್ದಾರೆ ಅಂತ ಅರ್ಥ. ಪಿಎನ್‌ಆರ್, ಅಂದರೆ ಬುಕಿಂಗಿನ ಆರಕ್ಷರದ ಗುರುತು, ಎರಡಿರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಸಂಸ್ಥೆಗೆ ಸಂಬಂಧವಿಲ್ಲ. ಲಗೇಜ್ ಕೂಡ ತಾನಾಗಿ ಮುಂದೆ ಹೋಗುವುದಿಲ್ಲ. ಮೊದಲ ಸಲ ವಿದೇಶಕ್ಕೆ ಹೋಗುವ ಅಪ್ಪ ಅಮ್ಮನಿಗೆ ಇಂಥ ಟಿಕೆಟ್ ದಯವಿಟ್ಟು ಮಾಡಬೇಡಿ.

ಹಂತ 8: ಟರ್ಮಿನಲ್

ಟರ್ಮಿನಲ್ ಅಂದರೆ ಒಂದೇ ಏರ್‌ಪೋರ್ಟಿನ ಬೇರೆ ಬೇರೆ ಕಟ್ಟಡ. ಬೆಂಗಳೂರಿನಲ್ಲಿ ಟಿ1, ಟಿ2 ಅಕ್ಕಪಕ್ಕ, ತಪ್ಪಿದರೂ ಬಚಾವ್. ವಿದೇಶಕ್ಕೆ ಹೋಗುವವರಿಗೆ ಟಿ2. ಮುಂಬೈಯ ಹಳೇ ಏರ್‌ಪೋರ್ಟಿನಲ್ಲಿ ಟಿ1, ಟಿ2ಗೆ ರಸ್ತೆಯೇ ಬೇರೆ. ದೆಹಲಿಯಲ್ಲಿ ಟಿ1ಕ್ಕೆ ಒಂದು ಮೆಟ್ರೋ ಮಾರ್ಗ, ಟಿ3ಕ್ಕೆ ಇನ್ನೊಂದು. ತಪ್ಪು ಕಡೆ ಇಳಿದರೆ ಮತ್ತೆ ವಾಹನ ಹಿಡಿಯಬೇಕು. ವಿಮಾನ ಸಂಸ್ಥೆಗಳು ಟರ್ಮಿನಲ್ ಬದಲಿಸುತ್ತಲೇ ಇರುತ್ತವೆ. ಟಿಕೆಟ್ ಮಾಡಿದ ದಿನದ್ದಲ್ಲ, ಹೊರಡುವ ಹಿಂದಿನ ದಿನದ ಸಂದೇಶ ನೋಡಿ.

ಹಂತ 9: ತಪ್ಪು ಆಗಿಹೋಗಿದ್ದರೆ

ಗೊತ್ತಾದ ತಕ್ಷಣ ವಿಮಾನ ಸಂಸ್ಥೆಗೆ ಫೋನ್ ಮಾಡಿ. ಪ್ರಯಾಣಕ್ಕೆ ಇನ್ನೂ ಸಾಕಷ್ಟು ದಿನ ಇದ್ದರೆ, ಟಿಕೆಟ್ ಮಾಡಿದ ಮೇಲೆ ಸ್ವಲ್ಪ ಅವಧಿಯೊಳಗೆ ದಂಡವಿಲ್ಲದೆ ರದ್ದು ಮಾಡಲು ನಮ್ಮ ವಿಮಾನಯಾನ ನಿರ್ದೇಶನಾಲಯದ ನಿಯಮ ಅವಕಾಶ ಕೊಡುತ್ತದೆ, ಈಗಿನ ಅವಧಿ ಎಷ್ಟು ಅಂತ ಸಂಸ್ಥೆಯನ್ನೇ ಕೇಳಿ. ಹಾಗಾಗಿ ಕೋಡ್ ಪರಿಶೀಲನೆಯನ್ನು ಟಿಕೆಟ್ ಬಂದ ರಾತ್ರಿಯೇ ಇನ್ನೊಮ್ಮೆ ಮಾಡಿ. ಮನೆಯಲ್ಲಿ ಬೇರೆಯವರಿಂದ ಓದಿಸಿದರೆ ಉತ್ತಮ, ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಅವಧಿ ಮೀರಿದ್ದರೆ ರದ್ದು ಮಾಡುವ ಮುಂಚೆ ಲೆಕ್ಕ ಹಾಕಿ. ಎಷ್ಟೋ ಸಲ ದಂಡ ಕಟ್ಟುವುದಕ್ಕಿಂತ ಆ ದೂರದ ಏರ್‌ಪೋರ್ಟಿನಿಂದ ಬಸ್ಸಿನಲ್ಲಿ ಬರುವುದೇ ಅಗ್ಗ.

ಕೊನೆಗೆ, ಕರೆದುಕೊಂಡು ಹೋಗಲು ಬರುವವರಿಗೆ "ಭಾನುವಾರ ಬೆಳಿಗ್ಗೆ ನ್ಯೂಯಾರ್ಕಿಗೆ ಬರ್ತೀವಿ" ಅಂತ ಕಳಿಸಬೇಡಿ. ನೀವು ನ್ಯೂವಾರ್ಕ್‌ನಲ್ಲಿ, ಅವರು ಜೆಎಫ್‌ಕೆಯಲ್ಲಿ ಕಾಯುವುದು ಹೀಗೆಯೇ. ಹೀಗೆ ಕಳಿಸಿ, ಕೋಡನ್ನು ಮಾತ್ರ ಟಿಕೆಟಿನಲ್ಲಿರುವಂತೆ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ:

"ಇಡಬ್ಲ್ಯೂಆರ್, ಟರ್ಮಿನಲ್ ಬಿ. ಭಾನುವಾರ, ಅಲ್ಲಿನ ಸಮಯ ಬೆಳಿಗ್ಗೆ 7.40. ವಿಮಾನದ ನಂಬರ್ ಟಿಕೆಟ್ ಫೋಟೋದಲ್ಲಿದೆ. ಸೂಟ್‌ಕೇಸ್ ನಾಲ್ಕು, ದೊಡ್ಡ ಕಾರು ತಾ."